ಸತತ ಪೀರಿಯಡ್ ಇರುವವರ ಗಂಟಲಿಗೆ ಒಂದು ಸ್ಟ್ರಾ

ಒಂದರ ಹಿಂದೊಂದು ಪಾಠ ಮಾಡಿ ಗಂಟಲು ಕಟ್ಟುವ ಉಪನ್ಯಾಸಕರು ಸ್ಟಾಫ್ ರೂಮಿನ ಡ್ರಾಯರಿನಲ್ಲಿ ಒಂದು ಸ್ಟ್ರಾ ಇಟ್ಟುಕೊಳ್ಳಿ (ಕಾಗದದ್ದು ಬೇಡ, ನೆನೆದು ಮೆತ್ತಗಾಗುತ್ತದೆ). ಅರ್ಧ ಲೋಟ ನೀರಿನಲ್ಲಿ ಅದರ ತುದಿಯನ್ನು 2–3 ಸೆಂ.ಮೀ. ಮುಳುಗಿಸಿ, ಇನ್ನೊಂದು ತುದಿಯ ಸುತ್ತ ತುಟಿ ಮುಚ್ಚಿ ಹಿಡಿದು, ಮಾತಾಡುವ ಶ್ರುತಿಯಲ್ಲೇ ‘ಊ’ ಎಂದು ದನಿ ಎಳೆಯಿರಿ. ಗುಳ್ಳೆ ಒಂದೇ ಸಮನೆ ಬರಬೇಕು. ಆಮೇಲೆ ದನಿಯನ್ನು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಜಾರಿಸಿ. ತರಗತಿಗೆ ಮುಂಚೆ 2 ನಿಮಿಷ, ಮುಗಿದ ಮೇಲೆ 2 ನಿಮಿಷ ಸಾಕು. ನೀರು ತಡೆಯುವುದರಿಂದ ಬಾಯಿಯೊಳಗಿನ ಗಾಳಿಯ ಒತ್ತಡ ಹಿಂದಕ್ಕೆ, ಗಂಟಲಿನ ಕಡೆಗೆ ತಳ್ಳುತ್ತದೆ. ಹಾಗಾಗಿ ಅಲ್ಲಿ ದನಿ ಹುಟ್ಟಿಸುವ ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿಯದೆ ಕಂಪಿಸುತ್ತವೆ. ಗುಳ್ಳೆ ಬಂದು ದನಿ ಬರದಿದ್ದರೆ ಅದು ಬರೀ ಊದುವುದು, ಲಾಭವಿಲ್ಲ. ಕತ್ತು ಬಿಗಿಯುತ್ತಿದ್ದರೆ ಸ್ಟ್ರಾ ತೀರಾ ಆಳಕ್ಕಿದೆ, ಸ್ವಲ್ಪ ಮೇಲೆತ್ತಿ. ನಡುವೆ ಒಮ್ಮೆ ಮೂಗು ಹಿಡಿದು ನೋಡಿ: ದನಿ ಬದಲಾದರೆ ಗಾಳಿ ಮೂಗಿನಿಂದ ಸೋರುತ್ತಿದೆ ಎಂದರ್ಥ. ದೊಡ್ಡ ಹಾಲ್‌ನಲ್ಲಿ ಫ್ಯಾನ್ ಸದ್ದನ್ನು ಮೀರಿ ಕೂಗುವವರಿಗೆ ಸ್ಟ್ರಾ ಒಂದೇ ಸಾಲದು, ಕಾಲರ್ ಮೈಕ್ ಬೇಕು. ಅದು ಚಾಕ್‌ಪೀಸಿನಷ್ಟೇ ಕೆಲಸದ ಸಾಮಾನು, ಪ್ರಾಂಶುಪಾಲರನ್ನು ಕೇಳಲು ಸಂಕೋಚವೇಕೆ? ನೆಗಡಿ-ಜ್ವರದಿಂದ ದನಿ ಪೂರ್ತಿ ಕೂತಾಗ ಇದನ್ನು ಬಿಟ್ಟು ಸುಮ್ಮನಿರಿ. ಪಿಸುಮಾತೂ ಬೇಡ, ಅದರಿಂದಲೂ ಗಂಟಲಿಗೆ ಆಯಾಸವೇ. ಗೊಗ್ಗರು ದನಿ 3 ವಾರ ದಾಟಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.