ಅಂಗ್ಕೋರ್‌ಗೆ ಹಿಂಬಾಗಿಲಿಂದ: ನನ್ನ ಮೊದಲ ದಿನದ ಅನುಭವ

ಸೂರ್ಯೋದಯದ ಫೋಟೋ ಇಲ್ಲದೆ ಕಾಂಬೋಡಿಯಾದ ಹಳೇ ಗುಡಿಗಳ ಅಂಗ್ಕೋರ್‌ನಿಂದ ವಾಪಸ್ ಬಂದ್ರೆ ತಿರುಪತಿಗೆ ಹೋಗಿ ಲಡ್ಡು ಇಲ್ಲದೆ ಬಂದ ಹಾಗೆ, ಅಂತ ನಮ್ಮ ಭಾವ ಹೇಳಿದ್ದರು. ಅವರು ಗ್ರೂಪ್ ಟೂರಿನವರು. ಸೈಕಲ್‌ನಲ್ಲಿ ಹೋಗ್ತೀನಿ, ಹಿಂದಿನ ಬಾಗಿಲಿಂದ ಒಳಗೆ ಹೋಗ್ತೀನಿ ಅಂದಾಗ ನಕ್ಕರು. ಈಗ ನಗೋದು ನಿಲ್ಲಿಸಿದ್ದಾರೆ, ಅದಕ್ಕೇ ಬರೀತಿದ್ದೇನೆ.

ಮೊದಲು 2018ರ ಸೋಲು. ಅಂಗ್ಕೋರ್ ಪಕ್ಕದ ಊರು ಸಿಯೆಮ್ ರೀಪ್‌ನಲ್ಲಿ ಮೊದಲ ಬೆಳಗ್ಗೆ ಎಲ್ಲರ ಹಾಗೆ ಟುಕ್‌ಟುಕ್ ಹಿಡಿದು ಹೋದೆವು. ಟಿಕೆಟ್ ಆವತ್ತೇ ತೆಗೆಯಬೇಕಿತ್ತು. ಕ್ಯೂ ಮುಗಿಸಿ ದೊಡ್ಡ ಗುಡಿ ಅಂಗ್ಕೋರ್ ವಾಟ್‌ನ ಪಶ್ಚಿಮದ ಕೊಳದ ಹತ್ತಿರ ಬರುವಷ್ಟರಲ್ಲಿ ದಡದ ತುಂಬಾ ಜನ. ನಮಗೆ ಕಂಡಿದ್ದು ಮೋಡ, ಮುಂದಿನವರ ತಲೆ, ಅವರು ಎತ್ತಿಹಿಡಿದ ಮೊಬೈಲು, ಅಷ್ಟೇ. ಆಮೇಲೆ ಗುಡಿಯ ಎಲ್ಲಕ್ಕಿಂತ ಮೇಲಿನ ಅಂತಸ್ತು ಬಕಾನ್‌ಗೆ ಹತ್ತೋಣ ಅಂದರೆ ನನ್ನ ಚಡ್ಡಿ ನೋಡಿ ಕಾವಲಿನವರು ತಲೆ ಅಲ್ಲಾಡಿಸಿದರು. ಹೆಂಡತಿಯದು ತೋಳಿಲ್ಲದ ಕುರ್ತಾ. ಮೇಲೆ ದುಪಟ್ಟಾ ಹೊದ್ದರೂ ಬಿಡಲಿಲ್ಲ. ತಲೆಗೆ 37 ಡಾಲರ್‌ನ ಒಂದು ದಿನದ ಟಿಕೆಟ್ ಎರಡು, ಟುಕ್‌ಟುಕ್‌ಗೆ ಇಪ್ಪತ್ತರ ಹತ್ತಿರ. ಆಗಿನ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಗೂ ಜಾಸ್ತಿ ನೀರಲ್ಲಿ ಹೋಮ. ಸಾಲದ್ದಕ್ಕೆ ಅಂಚು ಒಂಚೂರು ಹರಿದಿದ್ದ 20 ಡಾಲರ್ ನೋಟನ್ನು ಇಡೀ ಊರಲ್ಲಿ ಯಾರೂ ಮುಟ್ಟಲಿಲ್ಲ. ಅದು ಇನ್ನೂ ಮನೆಯ ಬೀರುವಿನಲ್ಲಿದೆ.

ಇನ್ನೊಂದು ತಪ್ಪು ಮಾಡಿದ್ದೆ. ಗುಡಿ ಅಂದಮೇಲೆ ಕಾಲು ತಾನಾಗಿ ಪ್ರದಕ್ಷಿಣೆಗೆ ತಿರುಗುತ್ತದೆ ಅಲ್ವಾ? ಅಂಗ್ಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದೆ. ಅಲ್ಲಿನ ಗೋಡೆಯ ಶಿಲ್ಪಗಳನ್ನು ನೋಡುತ್ತಾ ಹೋಗೋದು ಅಪ್ರದಕ್ಷಿಣೆಯಾಗಿ. ಬಲಕ್ಕೆ ಹೋದರೆ ಮೊದಲು ಕುರುಕ್ಷೇತ್ರ. ನಾನು ಎಡಕ್ಕೆ ಹೋದೆ, ನೇರ ಲಂಕೆಯ ಯುದ್ಧಕ್ಕೆ ಬಿದ್ದೆ. ಸಮುದ್ರ ಮಥನಕ್ಕೆ ಬರುವಾಗ ಬಿಸಿಲೂ ಹಸಿವೂ ಏರಿದ್ದವು. ಅದನ್ನು ಸರಿಯಾಗಿ ನೋಡಲೇ ಇಲ್ಲ.

2024ರ ಜನವರಿಯಲ್ಲಿ ಮತ್ತೆ ಹೋದೆವು. ಹೊಸ ಏರ್‌ಪೋರ್ಟ್ ಊರಿಂದ ತುಂಬಾ ದೂರ, ಹಳೆಯದರ ಹಾಗೆ ಹತ್ತು ನಿಮಿಷದ ಮಾತಲ್ಲ. ಬಸ್ಸಿಗೆ ತಲೆಗೆ ಎಂಟು ಡಾಲರ್ ಅಂತ ನೆನಪು. ಬ್ಯಾಗ್ ಇಟ್ಟು ಸಂಜೆ ಐದಕ್ಕೆ ಟಿಕೆಟ್ ಕಚೇರಿಗೆ ಹೋದೆವು. ಐದರ ಮೇಲೆ ತೆಗೆದ ಟಿಕೆಟ್ ಮರುದಿನದ ಲೆಕ್ಕಕ್ಕೆ ಬರುತ್ತದೆ. ಬೆಳಗಿನ ಕ್ಯೂ ಇಲ್ಲ. ಮೂರು ದಿನದ್ದು 62 ಡಾಲರ್, ಐದು ಸಾವಿರದ ನೂರು ಚಿಲ್ಲರೆ ರೂಪಾಯಿ. ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಹೋಗಬಹುದು, ಹಾಗಾಗಿ ಮಧ್ಯೆ ಒಂದು ದಿನ ಸುಮ್ನೆ ಮಲಗಿದರೂ ನಷ್ಟ ಇಲ್ಲ.

ಸೈಕಲ್ ಬಾಡಿಗೆ ದಿನಕ್ಕೆ ಮೂರು ಡಾಲರ್. ಮೊದಲು ಕೊಟ್ಟದ್ದರ ಹಿಂದಿನ ಬ್ರೇಕ್ ಹಿಡಿದರೆ ಹಂದಿ ಕಿರುಚಿದ ಸದ್ದು. ಬದಲಾಯಿಸಿಕೊಂಡೆ. ರಾತ್ರಿಯೇ ಲೈಟ್ ಹಾಕಿ ನೋಡಿ, ಬೆಳಗ್ಗೆ ಆ ದಾರಿ ಕಗ್ಗತ್ತಲು.

ಐದಕ್ಕೆ ಹೊರಟೆವು. ಟುಕ್‌ಟುಕ್‌ಗಳೆಲ್ಲ ಸಾಲಾಗಿ ಪಶ್ಚಿಮಕ್ಕೆ ಹೋದವು, ನಾವು ಕಂದಕ ಸುತ್ತಿ ಪೂರ್ವಕ್ಕೆ. ಆ ಕಂದಕ ಸುಮಾರು 190 ಮೀಟರ್ ಅಗಲ, ಕತ್ತಲಲ್ಲಿ ಕೆರೆಯ ಹಾಗೇ ಕಾಣುತ್ತದೆ. ಪೂರ್ವದಲ್ಲಿ ಕಲ್ಲಿನ ಸೇತುವೆ ಇಲ್ಲ, ಮಣ್ಣಿನ ಏರಿ. ಟಿಕೆಟ್ ನೋಡಿ ಒಳಗೆ ಬಿಟ್ಟರು. ಸೈಕಲ್ ಎಲ್ಲಿ ಕಟ್ಟಿದೆ ಅಂತ ಹೇಳೋದಿಲ್ಲ. ಎಲ್ಲರೂ ಅಲ್ಲೇ ಕಟ್ಟಿದರೆ ನನಗೆ ಮುಂದಿನ ಸಲ ಜಾಗ ಇರಲ್ಲ.

ಪೂರ್ವದ ಮೊಗಸಾಲೆಯ ದಕ್ಷಿಣ ಭಾಗದಲ್ಲಿ ಸಮುದ್ರ ಮಥನ. ಐವತ್ತು ಮೀಟರ್‌ಗೆ ಒಂದು ಕಡಿಮೆ. ನಾವು ಹೋದಾಗ ಇದ್ದದ್ದು ಬಾವಲಿ ವಾಸನೆ, ನಾವಿಬ್ಬರು ಮತ್ತು ಕಸ ಗುಡಿಸುವ ಒಬ್ಬ ಹೆಂಗಸು. ಸೂರ್ಯ ಮರಗಳ ಮೇಲೆ ಬರೋಕೆ ಏಳರ ಹತ್ತಿರ ಆಯಿತು. ಆಮೇಲೆ ಕಂಬಗಳ ನಡುವಿಂದ ಬೆಳಕು ಪಟ್ಟೆ ಪಟ್ಟೆಯಾಗಿ ಗೋಡೆಗೆ ಬಿತ್ತು. ವಾಸುಕಿಯನ್ನು ಎಳೆಯುವ ಅಸುರರ ತೊಡೆ, ಮೊಣಕಾಲು, ಬೆನ್ನು ಒಂದೊಂದೇ ಎದ್ದು ಬಂದವು. ನಡುವೆ ವಿಷ್ಣು. ಕೆಳಗೆ ಮಂದರದ ಹತ್ತಿರದ ಮೀನು, ಮೊಸಳೆಗಳು ಕಡೆಯುವ ರಭಸಕ್ಕೆ ತುಂಡಾಗಿವೆ. ಮೊದಲ ಸಲ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮಧ್ಯಾಹ್ನದ ಚಪ್ಪಟೆ ಬೆಳಕಲ್ಲಿ ಬೀಳೋದೂ ಕಷ್ಟ.

ಇಲ್ಲೊಂದು ಹುಚ್ಚು ಮಾಡಿದೆ. ಅಸುರರು 92, ದೇವತೆಗಳು 88 ಅಂತಾರೆ. ಜೇಬಿನಲ್ಲಿದ್ದ ಹುರಿಗಡಲೆ ಇಟ್ಟುಕೊಂಡು ಅಸುರರನ್ನು ಎಣಿಸಿದೆ. ಒಂದು ಸಲ 90 ಬಂತು, ಇನ್ನೊಂದು ಸಲ 93. ನಡುವೆ ಹೆಂಡತಿ ಕಡಲೆ ತಿನ್ನುತ್ತಿದ್ದಳು, ತಪ್ಪು ಅವಳದೇ.

ಅಲ್ಲಿಂದ ಪ್ರದಕ್ಷಿಣೆಯಾಗಿಯೇ ದಕ್ಷಿಣಕ್ಕೆ ತಿರುಗಿದೆವು. ಕಥೆ ಹಿಂದುಮುಂದಾಗುತ್ತದೆ, ಆಗಲಿ. ಯಮ, ಚಿತ್ರಗುಪ್ತರ ನರಕ ದಾಟಿದರೆ ಈ ಗುಡಿ ಕಟ್ಟಿಸಿದ ಸೂರ್ಯವರ್ಮನ ಸೇನೆ ನಮಗೆ ಎದುರಾಗಿ ನಡೆದು ಬರುತ್ತದೆ. ಜನ ಕೈ ಸವರಿ ಸವರಿ ಕಲ್ಲು ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತದೆ. ನಮ್ಮ ವಿಷ್ಣುವರ್ಧನ ಬೇಲೂರು ಕಟ್ಟಿಸುತ್ತಿದ್ದ ಕಾಲದ ರಾಜನೇ ಇವನು. ಆದರೆ ಹೊಯ್ಸಳರ ಹಾಗೆ ಆಳವಾಗಿ ಕಡೆದಿಲ್ಲ, ಗೋಡೆಯ ಮೇಲೆ ತೆಳ್ಳಗೆ ಬಿಡಿಸಿದ್ದಾರೆ. ನನ್ನ ಓಟು ಕೆತ್ತನೆಗೆ ಬೇಲೂರಿಗೆ, ಹರವಿಗೆ ಇದಕ್ಕೆ.

ಬಕಾನ್ 6.40ಕ್ಕೆ ತೆರೆಯುತ್ತದೆ. ನಾವು ಏಳೂವರೆ ದಾಟಿ ಹೋದರೂ ಕಾದಿದ್ದು ಹತ್ತೇ ನಿಮಿಷ. ಕೊಳದ ದಡದ ಜನ ಆಗ ಟಿಫನ್ ಅಂಗಡಿಗಳಲ್ಲಿದ್ದರು. ನಾನು ಪೂರ್ತಿ ಪ್ಯಾಂಟು, ಹೆಂಡತಿ ತೋಳಿನ ಕುರ್ತಾ, ಯಾರೂ ಮಾತಾಡಲಿಲ್ಲ. ಬೌದ್ಧರ ವ್ರತದ ದಿನ ಮೇಲೆ ಬಿಡೋದಿಲ್ಲ, ಕ್ಯಾಲೆಂಡರ್ ನೋಡಿಕೊಂಡು ಹೋಗಿ.

ದೊಡ್ಡ ಕಲ್ಲಿನ ಮುಖಗಳ ಗುಡಿ ಬಯೋನ್‌ನಲ್ಲಿ ಒಂದು ಗಂಟೆ ಸಾಕಾಯಿತು. ಮುಖಗಳ ಫೋಟೋ ಎಲ್ಲರ ಹತ್ತಿರವೂ ಇದೆ. ತಾ ಪ್ರೋಮ್ ಗುಡಿಗೆ ಮಾತ್ರ ಬೇಕಂತಲೇ ಹನ್ನೆರಡಕ್ಕೆ ಹೋದೆವು. ಗ್ರೂಪ್‌ನವರಿಗೆ ಊಟದ ಹೊತ್ತು. ಗೋಡೆಗಳನ್ನು ಅಪ್ಪಿ ಇಳಿದ ಬೇರುಗಳು ಬಿಸಿಲನ್ನೂ ತಡೆಯುತ್ತವೆ. ಅಲ್ಲಿ ದುರಸ್ತಿ ಮಾಡಿದವರಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೂ ಇದ್ದಾರೆ. 1186ರ ಶಾಸನದ ಪ್ರಕಾರ ಆ ಗುಡಿಗೆ 615 ನರ್ತಕಿಯರಿದ್ದರಂತೆ. ನಾವು ಹೋದಾಗ ನರ್ತಕಿಯರ ಮಂಟಪದಲ್ಲಿ ಎರಡು ಕೋಳಿ.

ಊಟದ ವಿಷಯ ಬೇರೆ ರಗಳೆ. ಅಲ್ಲಿನ ಖ್ಮೇರ್ ಭಾಷೆಯಲ್ಲಿ ‘ಓತ್ ಸಾಚ್’ ಅಂದರೆ ಮಾಂಸ ಬೇಡ ಅಂತ. ಅಷ್ಟು ಹೇಳಿ ಸಮಾಧಾನಪಟ್ಟರೆ ತರಕಾರಿಗೆ ಮೀನಿನ ಸಾರ ಬಿದ್ದಿರುತ್ತದೆ. ‘ಓತ್ ತುಕ್ ತ್ರೈ’ ಅಂತಲೂ ಹೇಳಬೇಕು. 2018ರಲ್ಲಿ ಇದು ಗೊತ್ತಿರಲಿಲ್ಲ, ಮೂರು ತುತ್ತಾದ ಮೇಲೆ ಗೊತ್ತಾಯಿತು. ಈ ಸಲ ಒಂದು ಕಿಲೋ ರಾಗಿ ಹುರಿಹಿಟ್ಟು ಒಯ್ದಿದ್ದೆ. ಬಾಂತೇ ಸ್ರೇ ಗುಡಿಯ ದಾರಿಯ ಪ್ರೆಯಾ ದಾಕ್ ಹಳ್ಳಿಯಲ್ಲಿ ರಸ್ತೆ ಬದಿಯೇ ದೊಡ್ಡ ಬಾಣಲೆಯಲ್ಲಿ ತಾಳೆಬೆಲ್ಲ ಕಾಯಿಸುತ್ತಾರೆ. ಸೈಕಲ್ ಅಲ್ಲಿಗೂ ತುಳಿದೆ. ಎಳನೀರಿಗೆ ಹುರಿಹಿಟ್ಟು, ಆ ಬಿಸಿ ಬೆಲ್ಲ ಕಲಸಿದೆ. ಮೊದಲನೇದು ಗಂಟುಗಂಟು. ಎರಡನೇದಕ್ಕೆ ಬೆಲ್ಲವನ್ನು ಮೊದಲೇ ಎಳನೀರಲ್ಲಿ ಕರಗಿಸಿ, ಹಿಟ್ಟನ್ನು ಸ್ವಲ್ಪ ಸ್ವಲ್ಪ ಹಾಕಿದೆ, ಹದವಾಯಿತು. ಬೆಲ್ಲದ ಹೆಂಗಸು ‘ಬಾಂಗ್, ಬಾಂಗ್’ (ಅಣ್ಣಾ, ಅಣ್ಣಾ) ಅಂತ ಕೈ ಚಾಚಿ ರುಚಿ ನೋಡಿದಳು, ಮುಖ ಕಿವುಚಿದಳು, ಆದರೂ ಲೋಟ ಖಾಲಿ ಮಾಡಿದಳು.

ಮೂರೂವರೆಗೆ ರೂಮು. ಮೂವತ್ತೈದು ಕಿಲೋಮೀಟರ್ ಮೇಲಾಗಿರಬೇಕು. ಟಿಕೆಟ್ ಬಿಟ್ಟರೆ ಇಬ್ಬರಿಗೂ ಸೇರಿ ಹದಿನಾಲ್ಕೋ ಹದಿನೈದೋ ಡಾಲರ್, ಅದರಲ್ಲಿ ಬೆಲ್ಲವೇ ನಾಲ್ಕು. ಮಂಡಿ ನೋವು ಮೂರನೇ ದಿನ ಬಂತು. ಭಾವ ಈಗ ನವೆಂಬರ್‌ಗೆ ವೀಸಾ ಹಾಕಿದ್ದಾರೆ. ಹರಿದ ನೋಟನ್ನು ಅವರ ಕೈಲೇ ಕೊಟ್ಟು ಕಳಿಸೋಣ ಅಂತಿದ್ದೇನೆ.