ಮುಂಬಯಿಯ ಓಡಾಟ, ಠಾಣೆಯಿಂದ ಫೋರ್ಟ್‌ಗೆ ಕಾರೋ, ಲೋಕಲ್ ರೈಲೋ: ಪೂರ್ತಿ ಖರ್ಚಿನ ಲೆಕ್ಕ ಹೀಗೆ

ಕಾರಿಗೆ ತಿಂಗಳಿಗೆಷ್ಟು ಎಂದರೆ ಹೆಚ್ಚಿನವರು ಪೆಟ್ರೋಲ್ ಖರ್ಚು ಹೇಳುತ್ತಾರೆ. ಅದು ಅರ್ಧ ಲೆಕ್ಕವೂ ಅಲ್ಲ.

ಮುಂಬಯಿ ಪಕ್ಕದ ಠಾಣೆ ನಗರದಿಂದ ದಕ್ಷಿಣ ಮುಂಬಯಿಯ ಫೋರ್ಟ್‌ ಪ್ರದೇಶದ ಕಚೇರಿಗೆ ಹೋಗಿಬರಲು 70 ಕಿ.ಮೀ., ತಿಂಗಳಿಗೆ 22 ದಿನ ಎಂದು ಹಿಡಿದರೆ 1,540 ಕಿ.ಮೀ. ಕಂಪನಿ ಹೇಳುವ ಮೈಲೇಜ್ ಬಿಡಿ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೀವೇ ಅಳೆಯಿರಿ. ಲೀಟರಿಗೆ 14 ಕಿ.ಮೀ. ಸಿಕ್ಕರೆ 110 ಲೀಟರ್, 104 ರೂ. ದರದಲ್ಲಿ 11,440 ರೂ.

ಮುಂದಿನದು ಸವಕಳಿ, ಅಂದರೆ ಕಾರು ಹಳೆಯದಾದಂತೆ ಇಳಿಯುವ ಬೆಲೆ. ಆನ್‌ರೋಡ್ 8 ಲಕ್ಷಕ್ಕೆ ಕೊಂಡ ಕಾರು ಎಂಟು ವರ್ಷದ ಮೇಲೆ 2.5 ಲಕ್ಷಕ್ಕೆ ಹೋದರೆ ತಿಂಗಳಿಗೆ ಸುಮಾರು 5,730 ರೂ. ಸರಾಸರಿ 5.25 ಲಕ್ಷ ರೂ. ಕಾರಿನಲ್ಲೇ ಸಿಕ್ಕಿಕೊಂಡಿರುತ್ತದಲ್ಲ, ಅದಕ್ಕೆ ಶೇ 7ರ ಬಡ್ಡಿ 3,060. ಎಡವುವುದು ಇಲ್ಲೇ: ಸವಕಳಿಯ ಜೊತೆ ಇಎಂಐಯನ್ನೂ ಬರೆದರೆ ಅಸಲು ಎರಡು ಸಲ ಸೇರುತ್ತದೆ.

ವಿಮೆ ವರ್ಷಕ್ಕೆ 18,000 ಆದರೆ ತಿಂಗಳಿಗೆ 1,500. ಸರ್ವಿಸ್, ಟಯರ್‌ಗೆ ಕಿ.ಮೀ.ಗೆ ಒಂದೂವರೆ ರೂಪಾಯಿಯಂತೆ 2,310. ಪಾರ್ಕಿಂಗ್ ದಿನಕ್ಕೆ 200ರಂತೆ 4,400. ಒಟ್ಟು 28,440, ದಿನಕ್ಕೆ 1,293 ರೂ. ಭಾನುವಾರದ ತಿರುಗಾಟವೂ ಇದೇ ಕಾರಿನಲ್ಲಾದರೆ ಸವಕಳಿ, ಬಡ್ಡಿ, ವಿಮೆಯನ್ನು ಓಡಿದ ಕಿ.ಮೀ. ಪ್ರಕಾರ ಹಂಚಿ. 2024ರ ಅಕ್ಟೋಬರ್‌ನಿಂದ ಮುಂಬಯಿ ಪ್ರವೇಶದ ಐದೂ ನಾಕಾಗಳಲ್ಲಿ ಕಾರಿಗೆ ಟೋಲ್ ಇಲ್ಲ. ಹಳೆಯ ಪಟ್ಟಿಯಲ್ಲಿದ್ದರೆ ತೆಗೆದುಹಾಕಿ. ನವಿ ಮುಂಬಯಿ ಕಡೆಯ ಸಮುದ್ರ ಸೇತುವೆ ಅಟಲ್ ಸೇತುವಿಗೆ ಈ ವಿನಾಯಿತಿ ಇಲ್ಲ.

ಲೋಕಲ್‌ನಲ್ಲಿ ಪಾಸ್ ಒಂದನ್ನೇ ನೋಡಿದರೆ ಸಾಲದು, ಮನೆ ಬಾಗಿಲಿಂದ ಕಚೇರಿ ಬಾಗಿಲವರೆಗೆ ಬರೆಯಿರಿ. ಸ್ಟೇಷನ್‌ಗೆ ಶೇರ್ ರಿಕ್ಷಾ ಒಂದು ಸಲಕ್ಕೆ 20 ಎಂದರೂ ತಿಂಗಳಿಗೆ 880. ಸೆಕೆಂಡ್ ಕ್ಲಾಸ್ ಪಾಸ್‌ಗಿಂತ ಇದೇ ಜಾಸ್ತಿ! ಫೋರ್ಟ್ ಬಳಿಯ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಬೆಸ್ಟ್ (ಮುಂಬಯಿ ನಗರ ಸಾರಿಗೆ) ಬಸ್ ಹಿಡಿದರೆ ಕನಿಷ್ಠ ದರ 10ರಂತೆ ಇನ್ನೂ 440. ಹಳಿ ಮೇಲೆ ನೀರು ನಿಂತ ದಿನಗಳ ಟ್ಯಾಕ್ಸಿಗೆ ವರ್ಷಕ್ಕೊಂದು ಮೊತ್ತ ಹಿಡಿದು 12ರಿಂದ ಭಾಗಿಸಿ. ಪಾಸ್ ರಜೆಯ ದಿನಗಳಲ್ಲೂ ಸವೆಯುತ್ತದೆ. ವಾರಕ್ಕೆ ಎರಡೇ ದಿನ ಕಚೇರಿ ಇರುವವರು ಬಿಡಿ ಟಿಕೆಟ್ ದರವನ್ನೂ ಪಕ್ಕದಲ್ಲಿಟ್ಟು ನೋಡಲಿ.

ಸಮಯಕ್ಕೆ ಗಂಟೆಯ ಸಂಬಳದ ಅರ್ಧ ಬೆಲೆ ಕಟ್ಟುವುದು ರೂಢಿ. ನಿಂತು ನಜ್ಜುಗುಜ್ಜಾಗುವ ಗಂಟೆಗೆ ಪೂರ್ತಿ ಬೆಲೆ ಕಟ್ಟಿದರೂ ತಪ್ಪೇನಿಲ್ಲ. ವಾರವಿಡೀ ಗಡಿಯಾರ ನೋಡಿ ಬರೆಯಿರಿ, ಆ್ಯಪ್ ತೋರಿಸುವ ನಿಮಿಷಗಳಲ್ಲಿ ಪಾರ್ಕಿಂಗ್ ಹುಡುಕಾಟ ಇರುವುದಿಲ್ಲ.

ಈ ಲೆಕ್ಕವೆಲ್ಲ ಕಾರು ಕೊಳ್ಳಬೇಕೇ, ಇಟ್ಟುಕೊಳ್ಳಬೇಕೇ ಎಂಬುದಕ್ಕೆ. ಕಾರು ಮನೆಯಲ್ಲೇ ಇದ್ದು, ಇವತ್ತು ತೆಗೆಯಬೇಕೇ ಎಂಬುದಷ್ಟೇ ಪ್ರಶ್ನೆಯಾದರೆ ವಿಮೆ, ಬಡ್ಡಿ, ಸವಕಳಿ ಬಿಡಿ: ಪೆಟ್ರೋಲ್ 520, ಸರ್ವಿಸ್-ಟಯರ್ 105, ಪಾರ್ಕಿಂಗ್ 200, ಒಟ್ಟು 825. ಮನೆಯ ಮೂವರು ಒಟ್ಟಿಗೆ ಹೊರಟರೆ ತಲೆಗೆ 275 ರೂ.