ಬಾಂಬೆಯೋ ಮದ್ರಾಸೋ: ಲಿಸ್ಟಿನ ಮೊದಲ ಸಾಲು

2025ರ ಮಾರ್ಚ್‌ನಲ್ಲಿ ಐಐಟಿಗಳ ಎಂಎಸ್ಸಿ ಪ್ರವೇಶ ಪರೀಕ್ಷೆ ಜ್ಯಾಮ್‌ನ ರಿಸಲ್ಟ್ ಬಂದಾಗ ನಮ್ಮ ಮನೆಯಲ್ಲಿ ಎರಡೇ ಹೆಸರು ಓಡಾಡುತ್ತಿದ್ದವು. ಐಐಟಿ ಬಾಂಬೆ, ಐಐಟಿ ಮದ್ರಾಸ್. ನಾನು ಬಾಗಲಕೋಟೆ ನವನಗರದವಳು. ಬಿಎಸ್ಸಿ ಇಲ್ಲೇ ಮುಗಿಸಿ, ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಬೇಕು ಅಂತ ಒಂದು ವರ್ಷ ಕೂತು ಓದಿದ್ದೆ. ನನ್ನ ರ‍್ಯಾಂಕಿಗೆ ಎರಡೂ ಕಡೆ ಸಿಗುವ ಹಾಗಿತ್ತು.

ಮೊದಲು ನಾನು ತಪ್ಪು ತಿಳಿದದ್ದನ್ನು ಹೇಳಿಬಿಡುತ್ತೇನೆ. ಕೋಚಿಂಗ್ ಹೇಳುವ ಒಬ್ಬರು, 'ಎರಡೂ ಕಡೆಯಿಂದ ಸೀಟು ಬರಲಿ, ಆಮೇಲೆ ಯೋಚಿಸಿದರಾಯಿತು' ಅಂದಿದ್ದರು. ಹಾಗೆ ನಡೆಯುವುದಿಲ್ಲ. ಜ್ಯಾಮ್‌ನಲ್ಲಿ ಐಐಟಿಗಳಿಗೆಲ್ಲ ಸೇರಿ ಒಂದೇ ಅರ್ಜಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ನಾವೇ ಲಿಸ್ಟ್ ಕೊಡಬೇಕು. ಮೇಲಿನಿಂದ ನೋಡುತ್ತಾ ಬಂದು, ನಮ್ಮ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅದೊಂದೇ ಸೀಟು ಕೊಡುತ್ತಾರೆ. ಅಪ್‌ಗ್ರೇಡ್ ಕೇಳಬಹುದು, ಆದರೆ ಲಿಸ್ಟಿನಲ್ಲಿ ಅದಕ್ಕಿಂತ ಮೇಲಿರುವುದಕ್ಕೆ ಮಾತ್ರ. ಅಂದರೆ ಲಿಸ್ಟ್ ತುಂಬುವ ದಿನವೇ ತೀರ್ಮಾನ ಆಗಿಹೋಗಿರುತ್ತದೆ. ಇದು ಗೊತ್ತಾದಾಗ ನನ್ನ ಕೈಯಲ್ಲಿ ಉಳಿದದ್ದು ಒಂಬತ್ತು ದಿನ.

ರ‍್ಯಾಂಕಿಂಗ್ ನೋಡಿದೆ. ಜಗತ್ತಿನ ವಿಶ್ವವಿದ್ಯಾಲಯಗಳ 2025ರ ಕ್ಯೂಎಸ್ ಪಟ್ಟಿಯಲ್ಲಿ ಬಾಂಬೆ 118, ಮದ್ರಾಸ್ 227. ನಮ್ಮ ಕೇಂದ್ರ ಸರ್ಕಾರದ ಪಟ್ಟಿ ಎನ್‌ಐಆರ್‌ಎಫ್ ನೋಡಿದರೆ 2019ರಿಂದ ಒಟ್ಟಾರೆ ಪಟ್ಟಿಯಲ್ಲಿ ಮದ್ರಾಸೇ ಮೊದಲು. ಎರಡು ರಾತ್ರಿ ಇದರಲ್ಲೇ ಹೋಯಿತು. ಅವು ಅಳೆಯುವುದು ಇಡೀ ಸಂಸ್ಥೆಯನ್ನು. ನಾನು ಹೋಗುವುದು ಒಂದು ಡಿಪಾರ್ಟ್‌ಮೆಂಟಿಗೆ, ಎರಡು ವರ್ಷಕ್ಕೆ.

ಅಪ್ಪನಿಗೆ ರೈಲುಗಾಡಿಯ ಚಿಂತೆ. ಹೊಸಪೇಟೆ–ಮುಂಬೈ ಗಾಡಿ ಬಾಗಲಕೋಟೆ ಮೇಲೇ ಹೋಗುತ್ತದೆ, ಹತ್ತಿ ಕೂತರೆ ಆಯಿತು. ಚೆನ್ನೈಗಾದರೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರು, ಅಲ್ಲಿಂದ ಇನ್ನೊಂದು ಗಾಡಿ. ಅವ್ವನಿಗೆ ಭಾಷೆಯ ಚಿಂತೆ. ಹಿಂದಿ, ಮರಾಠಿ ನಮ್ಮ ಕಿವಿಗೆ ಬಿದ್ದಿವೆ, ತಮಿಳು ಬಿದ್ದಿಲ್ಲ. ಇದನ್ನು ನಾನು ಸಣ್ಣ ಮಾತು ಅನ್ನುವುದಿಲ್ಲ. ಮಗಳಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ ಎಷ್ಟು ಹೊತ್ತಿಗೆ ಮುಟ್ಟಬಹುದು ಅಂತ ಅಪ್ಪ ಲೆಕ್ಕ ಹಾಕುವುದು ತಪ್ಪಲ್ಲ ಅಲ್ವಾ?

ಆಮೇಲೆ ಪರಿಚಯದವರ ಮೂಲಕ ಎರಡೂ ಕಡೆ ಎಂಎಸ್ಸಿ ಓದುತ್ತಿದ್ದ ಹುಡುಗಿಯರ ನಂಬರ್ ಹಿಡಿದೆ. 'ನಿಮ್ಮ ಕಾಲೇಜು ಹೇಗಿದೆ?' ಅಂತ ಕೇಳಿದೆ. ಇಬ್ಬರೂ 'ಚೆನ್ನಾಗಿದೆ, ಬಾ' ಅಂದರು. ಅದರಿಂದ ಏನೂ ಸಿಗಲಿಲ್ಲ. ಮರುದಿನ ಬೇರೆ ರೀತಿ ಕೇಳಿದೆ: 'ಮೊನ್ನೆ ಮಂಗಳವಾರ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ?' ಆಗ ಮಾತು ಬಂತು. ಲ್ಯಾಬ್ ಎಷ್ಟು ಹೊತ್ತು, ಮೆಸ್‌ನಲ್ಲಿ ಏನು ಊಟ, ಅರ್ಥವಾಗದಿದ್ದರೆ ಯಾರ ಬಾಗಿಲು ತಟ್ಟುತ್ತಾರೆ, ಪ್ರಾಜೆಕ್ಟಿಗೆ ಗೈಡ್ ಹೇಗೆ ಸಿಗುತ್ತಾರೆ, ಎಲ್ಲ. ಬಾಂಬೆಯವಳು ಕೊನೆಗೆ, 'ನಿನಗೆ ಏನು ಕೆಲಸ ಮಾಡಬೇಕು ಅಂತಿದೆ?' ಅಂತ ತಿರುಗಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನ್ ಇಟ್ಟು ಸುಮ್ನೆ ಕೂತೆ.

ಉತ್ತರ ಆ ಭಾನುವಾರ ಹುನಗುಂದ ತಾಲೂಕಿನ ಸೋದರಮಾವನ ಊರಿನಲ್ಲಿ ಸಿಕ್ಕಿತು. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಮಾವನ ಮಗಳಿಗೆ ಹದಿನಾಲ್ಕು ವರ್ಷ. ಆ ನೀರಿನಿಂದಾಗಿ ಮುಂದಿನ ಹಲ್ಲುಗಳ ಮೇಲೆ ಅಡ್ಡಕ್ಕೆ ಕಂದು ಗೆರೆ. ನಗು ಬಂದಾಗ ಅವಳ ಎಡಗೈ ತಾನಾಗಿ ಬಾಯಿಗೆ ಹೋಗುತ್ತದೆ. ಎಷ್ಟೋ ವರ್ಷದಿಂದ ನೋಡಿದ್ದೆ. ಅವತ್ತು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ವಾಪಸ್ ಬಂದು ಎರಡೂ ಡಿಪಾರ್ಟ್‌ಮೆಂಟಿನ ಪ್ರೊಫೆಸರುಗಳ ಪುಟಗಳನ್ನು ಒಂದೊಂದಾಗಿ ಓದಿದೆ. ನೋಟ್‌ಬುಕ್ಕಿನಲ್ಲಿ ನೀರಿಗೆ ಸಂಬಂಧಪಟ್ಟ ಕೆಲಸ ಮಾಡುವವರ ಹೆಸರು ಮಾತ್ರ ಬರೆದುಕೊಂಡೆ. ಮದ್ರಾಸಿನಲ್ಲಿ ಪ್ರೊ. ಟಿ. ಪ್ರದೀಪ್ ಇದ್ದಾರೆ. ನ್ಯಾನೊ ವಸ್ತುಗಳಿಂದ ನೀರಿನ ಆರ್ಸೆನಿಕ್, ಕೀಟನಾಶಕ ತೆಗೆಯುವ ಕೆಲಸ ಅವರದು. 2020ರಲ್ಲಿ ಪದ್ಮಶ್ರೀ ಬಂತು. ಆದರೆ ಒಬ್ಬರ ಹೆಸರು ನೋಡಿ ಸೀಟು ಆರಿಸಬೇಡ, ಅವರ ಲ್ಯಾಬ್ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ ಅಂತ ಮದ್ರಾಸಿನ ಹುಡುಗಿ ಎಚ್ಚರಿಸಿದ್ದಳು. ಅದಕ್ಕೇ ಎಣಿಸಿ ನೋಡಿದೆ. ಅವರಿಲ್ಲದೆಯೂ ನನ್ನ ನೋಟ್‌ಬುಕ್ಕಿನಲ್ಲಿ ಮದ್ರಾಸಿನ ಸಾಲೇ ಉದ್ದವಿತ್ತು. ಬಾಂಬೆಯ ಕೆಮಿಸ್ಟ್ರಿ ಯಾವುದಕ್ಕೂ ಕಡಿಮೆಯಿಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿ ಮೇಲೆ ಮನಸ್ಸಿದ್ದಿದ್ದರೆ ನಾನು ಅದನ್ನೇ ಮೊದಲು ಹಾಕುತ್ತಿದ್ದೆ.

ಕಂಪ್ಯೂಟರ್ ಸೆಂಟರಿನಲ್ಲಿ ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಬಾಂಬೆ ಮೇಲಿತ್ತು. ಅದನ್ನು ಕೆಳಗಿಳಿಸಿದೆ. ಅಪ್ಪ ಸ್ಕ್ರೀನನ್ನೇ ನೋಡುತ್ತಾ, 'ಬೆಂಗಳೂರಿನಾಗ ಗಾಡಿ ಬದಲಿಸೋದು ಎಷ್ಟನೇ ಪ್ಲಾಟ್‌ಫಾರ್ಮು?' ಅಂತ ಕೇಳಿದರು. ಒಪ್ಪಿದರು ಅಂತ ಗೊತ್ತಾಯಿತು.

ಸೀಟು ಮದ್ರಾಸಿನಲ್ಲೇ ಸಿಕ್ಕಿತು. ಇಲ್ಲಿ ಹಾಸ್ಟೆಲ್‌ಗಳಿಗೆ ನದಿಗಳ ಹೆಸರು. ನನ್ನದು ಶರಾವತಿ. ಚೆನ್ನೈ ಸೆಕೆಗೆ ಇನ್ನೂ ಒಗ್ಗಿಲ್ಲ, ತಮಿಳು ಅಂಗಡಿಯ ಮಟ್ಟಿಗೆ ಬರುತ್ತದೆ. ದೀಪಾವಳಿಗೆ ಊರಿಗೆ ಹೋದಾಗ ಮಾವನ ಮನೆಯ ಬೋರ್‌ವೆಲ್ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ತಂದೆ. ಫ್ಲೋರೈಡ್ ಅಳೆಯಲು ಗಾಜಿನ ಬಾಟಲಿ ಆಗುವುದಿಲ್ಲ. ಲ್ಯಾಬಿನಲ್ಲಿ ಸೀನಿಯರ್ ಒಬ್ಬರ ಜೊತೆ ಕೂತು ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡನ್ನು ಆ ನೀರಿಗೆ ಇಳಿಸಿದೆ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಕಡೆಯ ಮಿತಿ. ಅದಕ್ಕಿಂತ ಜಾಸ್ತಿಯೇ ಬಂತು. ಆ ಅಂಕಿಯನ್ನು ಹಳೇ ನೋಟ್‌ಬುಕ್ಕಿನಲ್ಲೇ, ಆ ಹೆಸರುಗಳ ಕೆಳಗೆ ಬರೆದಿಟ್ಟಿದ್ದೇನೆ.